ಬಸ್ಕಿ ಯಾವ ಕಲಂನಲ್ಲಿದೆ ಸ್ವಾಮಿ?

ಮಳೆಗಾಲ ಶುರುವಾದರೆ ಸಾಕು, ದೂಧ್‌ಸಾಗರದ ಆ ಬಸ್ಕಿ ವಿಡಿಯೊ ಮತ್ತೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬೀಳುತ್ತದೆ. 2023ರ ಜುಲೈನದು. ಜಲಪಾತ ನೋಡಲು ಹಳಿ ಹಿಡಿದು ನಡೆದು ಬಂದ ಹುಡುಗರನ್ನು ರೈಲ್ವೆ ಪೊಲೀಸರು ತಡೆದು, ಹಳಿ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿ, ಕಿವಿ ಹಿಡಿಸಿ ಬಸ್ಕಿ ಹೊಡೆಸಿದ್ದು. ನೀವೆಲ್ಲ ನೋಡಿದ್ದೀರಿ. ನೋಡಿ ನಕ್ಕು, ‘ಹಿಂಗೇ ಆಗ್ಬೇಕು ಇವಕ್ಕೆ’ ಅಂತ ಬರೆದು ಮುಂದಿನ ಗುಂಪಿಗೆ ದಾಟಿಸಿಯೂ ಇದ್ದೀರಿ.

ನಾನೂ ರೈಲ್ವೆ ಪೊಲೀಸರನ್ನು ಹೊಗಳಲೆಂದೇ ಕೂತಿದ್ದೇನೆ. ಮೊದಲನೆಯದಾಗಿ, ದೇಶದ ಯುವಜನರ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ಬೇರೆ ಯಾವ ಇಲಾಖೆಗಿದೆ? ಎರಡನೆಯದಾಗಿ, ಆ ತರ್ಕ. ಹಳಿ ಬಳಿ ಓಡಾಡುವುದು ಅಪಾಯ, ಆದ್ದರಿಂದ ಹಳಿ ಬಳಿಯೇ ನಿಂತು, ಮಳೆಯಲ್ಲಿ ಜಾರುವ ಜಲ್ಲಿಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಏಳಿ. ಬಸ್ಕಿ ಮುಗಿಯುವಷ್ಟರಲ್ಲಿ ಒಂದು ಗೂಡ್ಸು ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ವಿಡಿಯೊದಲ್ಲಿ ಯಾರೂ ಹೇಳುವುದಿಲ್ಲ.

1989ರ ರೈಲ್ವೆ ಕಾಯ್ದೆ ತೆಗೆದು ನೋಡಿದೆ. ಟಿಕೆಟ್ ಇಲ್ಲದೆ ಹೋದರೆ 137. ಸುಮ್ಮನೆ ಚೈನ್ ಎಳೆದರೆ 141. ಛಾವಣಿ ಹತ್ತಿದರೆ 156. ಹೆಂಗಸರ ಬೋಗಿಗೆ ನುಗ್ಗಿದರೆ 162, ಬೀಡಿ ಹಚ್ಚಿದರೆ 167. ಅತಿಕ್ರಮ ಪ್ರವೇಶಕ್ಕೆ 147: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಸ್ಕಿ ಮಾತ್ರ ಎಲ್ಲೂ ಸಿಗಲಿಲ್ಲ. ಎಷ್ಟು ಹೊಡೆಸಬೇಕು, ಪೂರ್ತಿ ಕೂರಬೇಕೋ ಅರ್ಧಕ್ಕೆ ಎದ್ದರೆ ಸಾಕೋ, ಮಂಡಿನೋವಿನವರಿಗೆ ರಿಯಾಯಿತಿ ಉಂಟೋ, ಯಾವುದಕ್ಕೂ ನಿಯಮವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸು, ಕಾಗದ ಬರೆ, ಸಾಕ್ಷಿ ತಾ ಅನ್ನುವ ತಲೆನೋವೂ ಇಲ್ಲ. ಸ್ಥಳದಲ್ಲೇ ವಿಚಾರಣೆ, ಸ್ಥಳದಲ್ಲೇ ಶಿಕ್ಷೆ, ಸ್ಥಳದಲ್ಲೇ ವಿಡಿಯೊ.

ಇನ್ನೊಂದು ಸ್ವಾರಸ್ಯವಿದೆ. ನೈಋತ್ಯ ರೈಲ್ವೆ ಆಗ ಕೊಟ್ಟ ಎಚ್ಚರಿಕೆಯಲ್ಲಿ 147ರ ಜೊತೆಗೆ 159ನೇ ಕಲಮನ್ನೂ ಸೇರಿಸಿತ್ತು. ಈ 159 ಏನಪ್ಪಾ ಅಂತ ಪುಟ ತಿರುವಿದರೆ, ರೈಲ್ವೆ ಆವರಣದಲ್ಲಿ ಸಿಬ್ಬಂದಿಯ ಮಾತು ಕೇಳದ ವಾಹನಗಳ ಚಾಲಕರು ಮತ್ತು ಕಂಡಕ್ಟರುಗಳಿಗೆ ಸಂಬಂಧಿಸಿದ್ದು. ಬೆನ್ನಿಗೊಂದು ಬ್ಯಾಗು, ಕಾಲಿಗೆರಡು ಜಿಗಣೆ ಅಂಟಿಸಿಕೊಂಡು ಬಂದ ಹುಡುಗ ಯಾವ ಗಾಡಿಯ ಕಂಡಕ್ಟರು? ನನಗೆ ಹೊಳೆದದ್ದು ಒಂದೇ. ನಟರಾಜ ಸರ್ವೀಸಿನಲ್ಲಿ ಚಾಲಕನೂ ಅವನೇ, ಕಂಡಕ್ಟರೂ ಅವನೇ. ಇಲಾಖೆಯಲ್ಲಿ ಯಾರೋ ಕಾನೂನನ್ನು ಬಹಳ ಆಳವಾಗಿ ಓದಿದ್ದಾರೆ.

‘ಅಲ್ಲ ಮಾರಾಯ, ನಮ್ಮ ಜಿಲ್ಲೇಲಿ ರೈಲು ಬಿಡು, ರೈಲಿನ ಕೂಗೂ ಕೇಳಲ್ಲ. ನಿನಗ್ಯಾಕೆ ಈ ಉಸಾಬರಿ?’ ಅಂತ ಪಕ್ಕದ ತೋಟದ ಮಾವ ಕೇಳುತ್ತಾರೆ. ಮಾತು ನಿಜ. ಕೊಡಗಿನವರು ರೈಲು ಹತ್ತಬೇಕೆಂದರೆ ಮೈಸೂರಿಗೆ ಇಳಿಯಬೇಕು, ವಿರಾಜಪೇಟೆ ಕಡೆಯವರಾದರೆ ಮಾಕುಟ್ಟದ ಘಾಟಿ ಇಳಿದು ತಲಶ್ಶೇರಿಗೋ ಕಣ್ಣೂರಿಗೋ ಹೋಗಬೇಕು. ಜಿಲ್ಲೆಯ ಗಡಿಯೊಳಗೆ ಹಳಿ ದಾಟಿದ ಆರೋಪ ಹೊತ್ತ ಒಬ್ಬನೇ ಒಬ್ಬ ಸಿಗಲಾರ. ಇಂಥ ನಿಷ್ಪಕ್ಷಪಾತಿಗಳು ಮಾತಾಡದೆ ಇನ್ಯಾರು ಮಾತಾಡಬೇಕು ಮಾವ?

ಅದೂ ಅಲ್ಲದೆ ಕೊಡಗಿನಲ್ಲಿ ರೈಲು ಇಲ್ಲದಿರಬಹುದು, ಹಳಿ ಇದೆ. ರೈಲ್ವೆಯವರು ಸವೆಸಿ ಬಿಸಾಕಿದ ಹಳಿಗಳನ್ನು ಅರಣ್ಯ ಇಲಾಖೆ ತಂದು, ಕಾಡಂಚಿನಲ್ಲಿ ಕಂಬವಾಗಿ ನೆಟ್ಟು, ಅಡ್ಡಡ್ಡ ಬಿಗಿದು ಆನೆಬೇಲಿ ಮಾಡಿದೆ. ಬೇರೆ ಊರಿನಲ್ಲಿ ಹಳಿ ಮಲಗಿರುತ್ತದೆ, ನಮ್ಮಲ್ಲಿ ಎದ್ದು ನಿಂತಿದೆ. ಬೇರೆ ಕಡೆ ಹಳಿಯನ್ನು ಕಾಯಲು ಪೊಲೀಸರಿದ್ದಾರೆ, ನಮ್ಮಲ್ಲಿ ಹಳಿಯೇ ಪೊಲೀಸು. ಆನೆ ಬಂದು ಮೊದಲು ಸೊಂಡಿಲಿನಿಂದ ಮೇಲಿನ ಹಳಿಯನ್ನು ತಡವುತ್ತದೆ. ಒಂದು ಕಾಲಿಟ್ಟು ಭಾರ ಹಾಕಿ ನೋಡುತ್ತದೆ. ಧೈರ್ಯವಿದ್ದದ್ದು ಹತ್ತಿ ದಾಟುತ್ತದೆ, ಬುದ್ಧಿವಂತನಾದರೆ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ನಡೆದು ಹೋಗಿ, ಸುತ್ತಿ ಬಂದು ತೋಟದ ಹಲಸಿನ ಮರದ ಬುಡದಲ್ಲಿ ನಿಲ್ಲುತ್ತದೆ. ಬೇಲಿ ಮುಗಿಯುವ ಜಾಗ ನಮಗಿಂತ, ಕಂಟ್ರಾಕ್ಟರನಿಗಿಂತ ಆನೆಗೆ ಚೆನ್ನಾಗಿ ಗೊತ್ತು.

2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಕಡೆ ಒಂದು ಸಲಗ ಈ ಬೇಲಿ ದಾಟಲು ಹೋಗಿ, ಹಳಿಗೆ ಸಿಕ್ಕಿಕೊಂಡು ಸತ್ತೇಹೋಯಿತು. ಆ ಫೋಟೊ ನೆನಪಿರಬೇಕು ನಿಮಗೆ. ಅಪ್ಪ ಅಜ್ಜನ ಕಾಲದಿಂದ ನಡೆದ ದಾರಿಯಲ್ಲೇ ಅದು ನಡೆದದ್ದು. ಮಧ್ಯೆ ಬಂದದ್ದು ಬೇಲಿ. ಆದರೂ ನಮ್ಮ ಭಾಷೆಯಲ್ಲಿ ‘ನುಗ್ಗಿದ್ದು’ ಆನೆಯೇ.

ತೋಟದವನಾಗಿ ನನಗೂ ಈ ಅತಿಕ್ರಮ ಪ್ರವೇಶದ ನೋವು ತಿಳಿಯದ್ದೇನಲ್ಲ. ಕಾಫಿ ಹೂ ಬಿಟ್ಟ ವಾರ ಬೆಂಗಳೂರಿನ ಕಾರುಗಳು ರಸ್ತೆ ಬದಿಗೆ ಸಾಲಾಗಿ ನಿಲ್ಲುತ್ತವೆ. ‘ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ’ ಅಂತ ಸಿಲ್ವರ್ ಓಕ್ ಮರಕ್ಕೆ ಹೊಡೆದ ಬೋರ್ಡಿದೆಯಲ್ಲ, ಅದಕ್ಕೇ ಒರಗಿಕೊಂಡು, ಒಂದು ರೆಂಬೆ ಹೂ ಮುರಿದು ಕಿವಿಗೆ ಸಿಕ್ಕಿಸಿಕೊಂಡು ರೀಲ್ಸು. ‘ಅಂಕಲ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಫ್ರೇಮಲ್ಲಿ ಬರ್ತಿದೀರಿ’ ಅಂತ ನನಗೇ ಹೇಳುತ್ತಾರೆ, ನನ್ನ ತೋಟದಲ್ಲಿ. ಆಗೆಲ್ಲ ಈ ಬಸ್ಕಿ ಅಧಿಕಾರವನ್ನು ಬೆಳೆಗಾರರಿಗೂ ವಿಸ್ತರಿಸಬಾರದೇ ಅನ್ನಿಸುವುದುಂಟು. ಫ್ರೇಮಿಗೆ ಬರಲಿ ಅಂತಲೇ ಹಳಿ ಮೇಲೆ ಮಲಗುವವರನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಹಿಡಿಯಿರಿ, ದಂಡ ಹಾಕಿ, ರಸೀದಿ ಕೊಡಿ.

ಬಸ್ಕಿಗಿಂತ ದೊಡ್ಡ ಪ್ರಯೋಗ ಮುಂಬೈಯಲ್ಲಿ ನಡೆದಿದೆ. 2019ರ ನವೆಂಬರಿನಲ್ಲಿ ಪಶ್ಚಿಮ ರೈಲ್ವೆಯವರು ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ಜೊತೆ ಸೇರಿ ಯಮಧರ್ಮರಾಯನನ್ನೇ ಹಳಿಗೆ ಇಳಿಸಿದರು. ಕಪ್ಪು ನಿಲುವಂಗಿ, ಕಿರೀಟ, ಗದೆ. ಹಳಿ ದಾಟುವವರನ್ನು ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರ್ಮಿನತ್ತ ಹೊತ್ತೊಯ್ಯುವುದು ಅವನ ಕೆಲಸ. ಸತ್ತ ಮೇಲೆ ಒಯ್ಯುತ್ತಿದ್ದವನು ಸಾಯದಂತೆ ಒಯ್ಯುವ ಹೊಸ ಹುದ್ದೆಗೆ ನೇಮಕವಾದ. ಕೋಣಕ್ಕೆ ಮಾತ್ರ ಪ್ರವೇಶ ಸಿಕ್ಕಿದಂತೆ ಕಾಣಲಿಲ್ಲ. ಬಂದಿದ್ದರೆ 159 ಅದಕ್ಕೆ ಸರಿಯಾಗಿ ಹೊಂದುತ್ತಿತ್ತು, ವಾಹನವೇ ತಾನೇ! ನನ್ನ ಅನುಮಾನವೆಂದರೆ, ಅಷ್ಟು ಭಾರದ ಗಂಡಸರನ್ನು ಹೊತ್ತು ನಡೆಯುವ ಆ ಬಡ ಯಮನಿಗೆ ಸಿಂಗಪುರದ ಬೀದಿಯಲ್ಲಿ ಸಿಗುವಂಥ ಒಂದು ಮೇಲ್ಸೇತುವೆ ಮೆಟ್ಟಿಲು ತೋರಿಸಿದ್ದರೆ, ಅವನೇ ಜನರನ್ನು ಅಲ್ಲಿಗೆ ಕಳಿಸಿ ಮನೆಗೆ ಹೋಗುತ್ತಿದ್ದ.

ಇಷ್ಟೆಲ್ಲ ಲೇವಡಿ ಮಾಡಿ ಒಂದು ವರದಿ ನೆನಪಾಗುತ್ತದೆ, ನಗು ನಿಲ್ಲುತ್ತದೆ. 2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿ ರೈಲ್ವೆ ಸುರಕ್ಷತೆಯ ಬಗ್ಗೆ ಕೊಟ್ಟದ್ದು. ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಅದರಲ್ಲಿ ಸುಮಾರು 6,000 ಮಂದಿ ಮುಂಬೈಯ ಉಪನಗರ ಮಾರ್ಗಗಳಲ್ಲೇ ಅಂತ ಅದರಲ್ಲಿತ್ತು. ಇವು ರೈಲು ಅಪಘಾತಗಳ ಲೆಕ್ಕಕ್ಕೆ ಬರುವುದಿಲ್ಲ. ಬೋಗಿ ಹಳಿ ತಪ್ಪಿದರೆ ಅದು ಅಪಘಾತ, ಸಚಿವರು ಓಡಿ ಬರುತ್ತಾರೆ. ದಿನಾ ಇಬ್ಬಿಬ್ಬರು, ಮೂರ್ಮೂರು ಜನ ಬೇರೆ ಬೇರೆ ಊರಿನಲ್ಲಿ ಸತ್ತರೆ ಅದು ಅವರವರ ತಪ್ಪು. ಬದುಕಿದ್ದರೆ ಕೇಂದ್ರದ ಆರ್‌ಪಿಎಫ್‌ಗೆ ಸೇರಿದವರು, ಸತ್ತರೆ ರಾಜ್ಯದ ರೈಲ್ವೆ ಪೊಲೀಸರಿಗೆ. ಟಿಕೆಟ್ ಇಟ್ಟುಕೊಂಡು ರೈಲಿನಿಂದ ಆಯತಪ್ಪಿ ಬಿದ್ದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಶಾಲೆಗೋ ಗದ್ದೆಗೋ ಹೋಗಲು ಹಳಿ ದಾಟಿದವನು ಅತಿಕ್ರಮಿ, ಕಡತ ಮುಚ್ಚಿ.

2020ರ ಮೇ 8ರಂದು, ಕೊರೊನಾ ಲಾಕ್‌ಡೌನಿನ ನಡುವೆ, ಔರಂಗಾಬಾದಿನ ಹತ್ತಿರ ಹಳಿ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸು ರೈಲು ಹರಿಯಿತು. ಜಾಲ್ನಾದಿಂದ ಮಧ್ಯಪ್ರದೇಶದ ತಮ್ಮೂರಿಗೆ ಹೊರಟ ಕೂಲಿಗಳು. ಬಸ್ಸು ನಿಲ್ಲಿಸಿದ್ದು ಯಾರು, ರೈಲು ನಿಲ್ಲಿಸಿದ್ದು ಯಾರು, ರಸ್ತೆಯಲ್ಲಿ ಲಾಠಿ ಹಿಡಿದು ನಿಂತದ್ದು ಯಾರು? ರೈಲು ಓಡುತ್ತಿಲ್ಲ ಅಂದುಕೊಂಡು ಮಲಗಿದರು. ಜಲ್ಲಿಕಲ್ಲಿನ ಮೇಲೆ ರೊಟ್ಟಿ ಚೆಲ್ಲಿಕೊಂಡಿತ್ತು. ಅವರೂ 147. ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಇವತ್ತು ಕಾಫಿ ಕೊಯ್ಯುತ್ತಿರುವ ಅಸ್ಸಾಮಿನವರು ಅದೇ ರೈಲುಗಳಲ್ಲಿ, ಬಾಗಿಲ ಬಳಿ ಕೂತು ಬಂದವರು. ಅವರನ್ನು ಕೂಡಿಸಿಕೊಂಡು ಹಳಿ ದಾಟುವುದು ಅಪರಾಧ ಅಂತ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಸೇತುವೆ ಕಟ್ಟಬೇಕಾದ ಜಾಗದಲ್ಲಿ ಪೇದೆಯನ್ನು ನಿಲ್ಲಿಸುತ್ತಾರೆ, ಪೇದೆ ಸಾಲದಿದ್ದರೆ ವೇಷ ಹಾಕಿಸುತ್ತಾರೆ. ಆ ಪೇದೆಯಾದರೂ ಏನು ಮಾಡಿಯಾನು? ಮೈಲಿಗಟ್ಟಲೆ ಹಳಿಗೆ ಒಂದು ಸೀಟಿ, ಒಂದು ಲಾಠಿ. ಅವನಿಗೂ ಸಾಕಾಗಿದೆ.

ಮೈಸೂರು–ಕುಶಾಲನಗರ ಮಾರ್ಗದ ಸುದ್ದಿಯೂ ಆಗಾಗ ಕೂಗು ಹಾಕುತ್ತದೆ. ಸುಮಾರು 87 ಕಿ.ಮೀ., ಸಾವಿರದ ಎಂಟುನೂರು ಕೋಟಿ ಮೀರಿದ ಅಂದಾಜು. ಕಾಡು ಹೋಗುತ್ತದೆ, ಜನ ನುಗ್ಗುತ್ತಾರೆ ಅಂತ ಅರ್ಧ ಕೊಡಗು ಬೇಡ ಅನ್ನುತ್ತದೆ, ಇನ್ನರ್ಧ ಯಾವಾಗ ಅನ್ನುತ್ತದೆ. ಮಾವ ಎರಡನೇ ಗುಂಪು. ಅವರಿಗೆ ಕುಶಾಲನಗರದ ಹತ್ತಿರ ಶುಂಠಿ ಹಾಕುವ ಸ್ವಲ್ಪ ಜಾಗವಿದೆ.

‘ಹಳಿ ನಿಮ್ಮ ಜಾಗದ ಮಧ್ಯದಲ್ಲೇ ಹೋದರೆ?’ ಅಂತ ಕೇಳಿದೆ.

‘ಪರಿಹಾರ ಕೊಡ್ತಾರಲ್ಲ. ಈ ಕಡೆ ಪಂಪ್‌ಸೆಟ್ಟು, ಆ ಕಡೆ ಶುಂಠಿ. ದಾಟಿ ಹೋಗೋದು, ಬರೋದು.’

‘ದಾಟಿದರೆ ಕೇಸು ಮಾವ. ಆರು ತಿಂಗಳು, ಇಲ್ಲಾ ಸಾವಿರ ರೂಪಾಯಿ.’

‘ನನ್ನ ಜಾಗಕ್ಕೆ ನಾನು ಹೋದ್ರೂ?’

‘ಹೋದ್ರೂ.’

ಮಾವ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿದರು.

‘ಸಾವಿರ ತಾನೇ? ದಿನಾ ದಿನಾ ಯಾರು ಕಟ್ತಾರೆ. ವರ್ಷದ್ದು ಒಟ್ಟಿಗೇ ಕಟ್ಟಿದ್ರೆ ಪಾಸ್ ಮಾಡಿ ಕೊಡ್ತಾರಾ, ಸ್ವಲ್ಪ ವಿಚಾರಿಸು.’