ಸತ್ಯಾಂಶ: ಪದೇ ಪದೇ ಓವರ್‌ಹಾಲ್ ಮಾಡಿದರೆ ಯಂತ್ರ ಕೆಡುವುದೇ ಇಲ್ಲವೇ?

“ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಆರು ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ, ಬೇರಿಂಗ್ ಬದಲಿಸಿ, ಬ್ರೇಕ್‌ಡೌನ್ ಹತ್ತಿರವೂ ಸುಳಿಯದು” ಎನ್ನುವ ಫಾರ್ವರ್ಡ್ ಸಂದೇಶಕ್ಕೆ ಕಾರ್ಖಾನೆಯವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರವಿಲ್ಲ. ಕಾಳಜಿ ಸರಿ, ಲೆಕ್ಕ ತಪ್ಪು.

ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಸಿದ್ಧಪಡಿಸಿದ ವರದಿ ಇದನ್ನು ಅಂಕಿಗಳಲ್ಲೇ ತೋರಿಸಿತು. ಅವರು ಗಮನಿಸಿದ ವಿಮಾನದ ಬಿಡಿಭಾಗಗಳಲ್ಲಿ ವಯಸ್ಸಿನ ಮಿತಿ (ಇಷ್ಟು ಕಾಲ ಓಡಿದ ಮೇಲೆ ಬಿಚ್ಚಲೇಬೇಕು, ಬದಲಿಸಲೇಬೇಕು ಎಂಬ ಗಡುವು) ಹಾಕಿದರೆ ಲಾಭವಾಗಬಹುದಾದವು ಶೇ 11 ಮಾತ್ರ. ಶೇ 68ರಷ್ಟು ಭಾಗಗಳು ಕೈಕೊಡುವ ಸಾಧ್ಯತೆ ಹೆಚ್ಚಿದ್ದದ್ದು ಹೊಸದಾಗಿ ಜೋಡಿಸಿದ ಆರಂಭದಲ್ಲಿ! ಅಂದರೆ ಬಿಚ್ಚಿ ಜೋಡಿಸಿದಾಗಲೆಲ್ಲ ಆ ಆರಂಭದ ಅಪಾಯವನ್ನು ಮತ್ತೆ ಮೈಮೇಲೆ ಎಳೆದುಕೊಂಡಂತೆ.

ಬೇರಿಂಗನ್ನೇ ನೋಡಿ. ತಿರುಗುವ ದಂಡವನ್ನು, ಅಂದರೆ ಶಾಫ್ಟನ್ನು, ಹೊರುವ ಈ ಭಾಗದಲ್ಲಿ ಒಳ, ಹೊರ ರಿಂಗುಗಳ ನಡುವೆ ಗುಂಡುಗಳು ಉರುಳುತ್ತವೆ. ಶಾಫ್ಟಿಗೆ ಕೂರಿಸುವಾಗ ಹೊರ ರಿಂಗಿಗೆ ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಗುಂಡುಗಳ ಮೂಲಕವೇ ಹಾದು, ಅವು ಉರುಳುವ ಹಾದಿಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಸದ್ದು ಮಾಡಲು ಅಷ್ಟು ಸಾಕು. ಒಂದಿಷ್ಟು ಧೂಳು ಹೊಕ್ಕರೂ ಅದೇ ಗತಿ. ಗ್ರೀಸ್ ಅತಿಯಾದರೆ ಕಡೆದು ಕಡೆದು ಬಿಸಿಯೇರುತ್ತದೆ. ಇನ್ನು ಕ್ಯಾಟಲಾಗಿನ ಎಲ್-10 ಆಯಸ್ಸು ಎಕ್ಸ್‌ಪೈರಿ ಡೇಟ್ ಅಲ್ಲ. ಒಂದೇ ಬಗೆಯ ಬೇರಿಂಗ್‌ಗಳಲ್ಲಿ ಶೇ 90ರಷ್ಟು ಅದನ್ನು ದಾಟುತ್ತವೆ ಎಂಬ ಅಂದಾಜು.

ಹಾಗಂತ ಕೆಡುವವರೆಗೂ ಕಾಯಬೇಕಿಲ್ಲ. ಕಂಪನ, ಶಾಖ, ಎಣ್ಣೆಯಲ್ಲಿನ ಲೋಹದ ಪುಡಿ ಬಹಳಷ್ಟು ಸಲ ಮೊದಲೇ ಸುಳಿವು ಕೊಡುತ್ತವೆ. ಬೆಲ್ಟ್, ಬ್ರೇಕ್ ಲೈನಿಂಗ್‌ನಂಥ ಸವೆಯುವ ಭಾಗಗಳಿಗೆ ಅವಧಿ ಲೆಕ್ಕ ಸರಿಯೇ. ಬಾಯ್ಲರ್‌ನ ಕಾನೂನುಬದ್ಧ ತಪಾಸಣೆಯನ್ನಂತೂ ತಪ್ಪಿಸುವ ಹಾಗೇ ಇಲ್ಲ.