ಉರೀತಿದೆಯಾ? ಹಾಗಾದ್ರೆ ಕೆಲಸ ಮಾಡ್ತಿದೆ!

ಹಲ್ಲು ನೋವು ಬಂದರೆ ಅದು ನಿಮ್ಮ ಸ್ವಂತ ವಿಷಯ. ಮಂಡಿ ನೋವೂ ಅಷ್ಟೇ. ಆದರೆ ಕೆನ್ನೆ ಮೇಲೆ ಒಂದು ಮೊಡವೆ ಎದ್ದಿತೋ, ಅದು ಸಾರ್ವಜನಿಕ ಆಸ್ತಿ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೈಗೆ ಬರುವ ಮೊದಲೇ, "ಹೀಟ್ ಆಗಿದೆ ಕಣಮ್ಮ, ಎಳನೀರು ಕುಡಿ" ಅಂದಿರುತ್ತಾಳೆ. ಕಸಿನ್ನುಗಳು "ಯಾರನ್ನೋ ಲವ್ ಮಾಡ್ತಿದ್ದೀಯ ಅನ್ಸುತ್ತೆ" ಅಂತ ಕಣ್ಣು ಹೊಡೆಯುತ್ತಾರೆ. ಅಜ್ಜಿಯದು ಕೊನೆಯ ಮಾತು: "ಮದುವೆ ಆದ್ಮೇಲೆ ಹೋಗುತ್ತೆ ಬಿಡು." ಹುಡುಗನ ಕುಡಿತಕ್ಕೂ ಹುಡುಗಿಯ ಮೊಡವೆಗೂ ಒಂದೇ ಔಷಧಿ ಬರೆಯುವ ಸಮಾಜ ನಮ್ಮದು.

ಇಷ್ಟಕ್ಕೇ ನಿಂತಿದ್ದರೆ ಎಳನೀರಿನವನಿಗೆ ವ್ಯಾಪಾರವಾಗುತ್ತಿತ್ತು, ಮುಖವೂ ಉಳಿಯುತ್ತಿತ್ತು. ನಿಲ್ಲುವುದಿಲ್ಲ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ, ನೊರೆ ಉಕ್ಕುತ್ತಿರುವಾಗಲೇ ಬಳಿದುಕೊಳ್ಳಿ ಎನ್ನುತ್ತಾಳೆ ರೀಲ್ಸಿನ ಚೆಲುವೆ. ಹುಳಿಗೆ ಸೋಡಾ ಬೆರೆಸಿ ನೊರೆ ಉಕ್ಕಿಸುವುದನ್ನು ಹೈಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಜ್ವಾಲಾಮುಖಿ ಎಂದು ತೋರಿಸುತ್ತಾರೆ, ಮೇಷ್ಟ್ರು "ದೂರ ನಿಂತು ನೋಡ್ರೋ" ಅಂತ ಗದರುತ್ತಾರೆ. ಹುಳಿ-ಕ್ಷಾರದ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) ನಮ್ಮ ಚರ್ಮದ್ದು ಹೆಚ್ಚುಕಡಿಮೆ 5. ನಿಂಬೆರಸದ್ದು 2ರ ಆಸುಪಾಸು, ಸೋಡಾ ನೀರಿನದ್ದು 8 ದಾಟುತ್ತದೆ. ಅಂದರೆ ಮುಖಕ್ಕೆ ಸೋಮವಾರ ಹುಳಿ, ಮಂಗಳವಾರ ಕ್ಷಾರ, ಬುಧವಾರ ಎರಡೂ. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಅದಕ್ಕೆ ಬೇರೆ ರೀಲ್ ಇದೆ.

ಉರಿಯುತ್ತದಲ್ಲ ಎಂದು ಕೇಳಿನೋಡಿ. "ಉರೀತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎಂಬ ಉತ್ತರ ರೆಡಿ ಇರುತ್ತದೆ. ಒಲೆ ಮೇಲೆ ಕೈ ಇಟ್ಟರೂ ಉರಿಯುತ್ತದೆ, ಅದು ಯಾವ ಕೆಲಸ ಮಾಡುತ್ತಿದೆಯೋ ಯಾರೂ ಹೇಳುವುದಿಲ್ಲ. ಕೆನ್ನೆ ಕೆಂಪಾಗಿ ಊದಿಕೊಂಡರೆ "ಗ್ಲೋ ಬಂದಿದೆ". ಸಿಪ್ಪೆ ಏಳತೊಡಗಿದರೆ "ಹೊಸ ಚರ್ಮ ಬರ್ತಿದೆ". ಈ ಶಾಸ್ತ್ರದಲ್ಲಿ ಸೋಲು ಅನ್ನೋದೇ ಇಲ್ಲ.

ಟೂತ್‌ಪೇಸ್ಟ್ ಪಂಥದವರು ಇನ್ನೂ ಸರಳ ಜೀವಿಗಳು. ಹಲ್ಲಿಗೆ ಎಂದು ಕಂಪನಿಯವನು ಚಿತ್ರ ಸಮೇತ ಹೇಳಿದ್ದನ್ನು ಮೊಡವೆ ಮೇಲೆ ಚುಕ್ಕಿ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಎದ್ದರೆ ಮೊಡವೆಯೂ ಇದೆ, ಸುತ್ತ ಒಣಗಿದ ಕೆಂಪು ಉಂಗುರವೂ ಇದೆ.

ಇನ್ನು ತಿಕ್ಕುವವರು. ಮೊಡವೆ ಎಂದರೆ ಕೊಳೆ, ಕೊಳೆ ಎಂದರೆ ತಿಕ್ಕಬೇಕು. ಬಿಸಿಬಿಸಿ ನೀರು, ಸೋಪು, ಹೀರೆಕಾಯಿ ನಾರು, ಮೇಲೆ ಸಕ್ಕರೆ ಬೆರೆಸಿದ ಕಡಲೆಹಿಟ್ಟು. ತಳ ಹಿಡಿದ ಪಾಯಸದ ಪಾತ್ರೆಗೂ ಇಷ್ಟು ಶಿಕ್ಷೆ ಇಲ್ಲ. ಮೊಡವೆ ಹುಟ್ಟುವುದು ಕೂದಲ ಬುಡದ ರಂಧ್ರದೊಳಗೆ. ಎಣ್ಣೆಯ ಜಿಡ್ಡು, ಸತ್ತ ಜೀವಕೋಶ ಸೇರಿ ಬಾಯಿ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು, ಹಾರ್ಮೋನು ಹಿಂದಿನಿಂದ ಕುಮ್ಮಕ್ಕು ಕೊಟ್ಟು ಆಗುವ ಗಲಾಟೆ ಅದು. ಮೇಲಿಂದ ನಾರು ಹಾಕಿ ಉಜ್ಜಿದರೆ ಒಳಗಿನವರಿಗೆ ಏನೂ ಆಗುವುದಿಲ್ಲ, ಪೆಟ್ಟು ತಿನ್ನುವುದು ಏನೂ ಮಾಡದೆ ಹೊರಗೆ ನಿಂತಿದ್ದ ಚರ್ಮ. ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೆ ಎರಡು ಸಲ, ಬೆವರಿದರೆ ಇನ್ನೊಂದು ಸಲ, ಬರಿಗೈಯಲ್ಲಿ ತೊಳೆದರೆ ಸಾಕು ಎನ್ನುತ್ತಾರೆ ಚರ್ಮವೈದ್ಯರು. ಅಷ್ಟಕ್ಕೆ ಯಾವ ಗೌರವವೂ ಸಿಗುವುದಿಲ್ಲ.

ಓದಿಕೊಂಡವರು ಸುಧಾರಿಸಿದ್ದಾರೆ ಅಂದುಕೊಂಡಿರಾ? ಬೆಳ್ಳಂದೂರಿನ ಪಿಜಿಯೊಂದರ ಬಾತ್‌ರೂಮಿನ ಶೆಲ್ಫ್ ನೋಡಿ. ಪಿಯುಸಿಯಲ್ಲಿ ಕೆಮಿಸ್ಟ್ರಿ ಜಸ್ಟ್ ಪಾಸಾದ ಹುಡುಗ ಬೆಳಿಗ್ಗೆ ವಿಟಮಿನ್ ಸಿ, ಮಧ್ಯಾಹ್ನ ನಿಯಾಸಿನಮೈಡ್, ರಾತ್ರಿ ಸ್ಯಾಲಿಸಿಲಿಕ್ ಆಸಿಡ್, ಅದರ ಮೇಲೇ ರೆಟಿನಾಲ್, ಭಾನುವಾರ ರಕ್ತದ ಬಣ್ಣದ ಪೀಲ್ ಹಚ್ಚುತ್ತಾನೆ. ಒಂದನ್ನೂ ಹತ್ತು ದಿನಕ್ಕಿಂತ ಹೆಚ್ಚು ನಂಬುವುದಿಲ್ಲ. ಸನ್‌ಸ್ಕ್ರೀನ್ ಮಾತ್ರ ಇಲ್ಲ. "ನಾವೇನು ಗೋಕರ್ಣಕ್ಕೆ ಹೋಗ್ತಿದ್ದೀವಾ ಮಗಾ?" ಎಂದು ಕೇಳಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹೆಲ್ಮೆಟ್ ಗಾಜು ಎತ್ತಿಕೊಂಡು ಬಿಸಿಲಿಗೆ ಮುಖ ಕೊಟ್ಟು ನಿಲ್ಲುತ್ತಾನೆ.

ಇವೆಲ್ಲ ಹವ್ಯಾಸಿ ತಂಡಗಳು. ನಿಜವಾದ ಅನಾಹುತ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಡೆಯುತ್ತದೆ.

"ಅಣ್ಣ, ಮೊಡವೆಗೊಂದು ಒಳ್ಳೇ ಕ್ರೀಮ್ ಕೊಡಿ."

"ನಿಮಗಾ?"

"ಅಲ್ಲ, ತಂಗಿಗೆ. ಮುಂದಿನ ತಿಂಗಳು ಎಂಗೇಜ್‌ಮೆಂಟು."

"ಹಾಗಾದ್ರೆ ಇದು ತಗೊಳ್ಳಿ. ಎಲ್ರೂ ಇದನ್ನೇ ಒಯ್ಯೋದು. ಒಂದೇ ವಾರ, ರಿಸಲ್ಟು."

ಚಿಲ್ಲರೆ ಎಣಿಸುವಷ್ಟರಲ್ಲಿ ತಪಾಸಣೆ, ರೋಗನಿರ್ಣಯ, ಚಿಕಿತ್ಸೆ ಮೂರೂ ಮುಗಿದವು. ರೋಗಿ ಮನೆಯಲ್ಲಿ ಸೀರಿಯಲ್ ನೋಡುತ್ತಿದ್ದಾಳೆ. ಟ್ಯೂಬಿನಲ್ಲಿರುವುದು ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಸಿಪ್ಪೆ ಏಳಿಸುವ ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೆರಾಯ್ಡ್. ಹಚ್ಚಿದ ವಾರದಲ್ಲಿ ಕೆಂಪು ಇಳಿಯುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಬೀದಿಯವರೆಲ್ಲ "ಏನೇ ಹಚ್ತಿದ್ದೀಯ?" ಅಂತ ಕೇಳಿ, ಹೆಸರು ಬರೆಸಿಕೊಂಡು ಅದೇ ಅಂಗಡಿಗೆ ಓಡುತ್ತಾರೆ. ಕೆಲವು ತಿಂಗಳು ಬಳಸಿ ನಿಲ್ಲಿಸಿದಿರೋ, ಕೆಂಪು ಬಡ್ಡಿ ಸಮೇತ ವಾಪಸ್, ಉರಿ, ಹೊಸ ಮೊಡವೆ. ಹೆದರಿ ಮತ್ತೆ ಹಚ್ಚಿದರೆ ಮತ್ತೆ ಶಾಂತ. ಹೀಗೇ ವರ್ಷಗಟ್ಟಲೆ ಹೋದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಕೆನ್ನೆಯಲ್ಲಿ ಕೂದಲೂ ಬೆಳೆಯಬಹುದು. ಇದಕ್ಕೆ ನಮ್ಮ ದೇಶದ ಚರ್ಮವೈದ್ಯರೇ 'ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್', ಅಂದರೆ ಹಚ್ಚುವ ಸ್ಟೆರಾಯ್ಡಿನಿಂದ ಹಾಳಾದ ಮುಖ, ಎಂದು ಹೆಸರಿಟ್ಟಿದ್ದಾರೆ. ವೈದ್ಯಶಾಸ್ತ್ರಕ್ಕೆ ಭಾರತದ ಕೊಡುಗೆ ಇಲ್ಲ ಎನ್ನುವವರು ಗಮನಿಸಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ. 2018ರಲ್ಲಿ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಡಾಕ್ಟರ ಚೀಟಿ ಬೇಕಾದ ಔಷಧಿಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆಯನ್ನೂ ಮುದ್ರಿಸಿರುತ್ತಾರೆ. ಆ ಕೆಂಪು, ಟ್ಯೂಬಿನ ಮೇಲಿದ್ದಾಗ ಅಂಗಡಿಯವನೂ ನೋಡುವುದಿಲ್ಲ, ಕೊಳ್ಳುವವನೂ ನೋಡುವುದಿಲ್ಲ. ಮುಖಕ್ಕೆ ವರ್ಗವಾದ ಮೇಲೆ ಊರೆಲ್ಲ ನೋಡುತ್ತದೆ. ಅರ್ಧ ಕೆಜಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ತೂತು ಹುಡುಕುವ ಜನ ನಾವು.

ಕೊನೆಗೊಂದು ದಿನ, ಎಲ್ಲ ದಾರಿಯೂ ಮುಚ್ಚಿದ ಮೇಲೆ, ಚರ್ಮವೈದ್ಯರ ಹತ್ತಿರ ಹೋಗುತ್ತಾರೆ. ಹುಡುಗಿ ಒಬ್ಬಳೇ ಹೋಗುವಂತಿಲ್ಲ. ಅಮ್ಮ, ಚಿಕ್ಕಮ್ಮ, ಕ್ರೀಮ್ ತಂದುಕೊಟ್ಟ ಅಣ್ಣ, ಎಲ್ಲರೂ ಜೊತೆಗೆ. ಡಾಕ್ಟರು ಚೀಲದಲ್ಲಿ ತಂದ ಡಬ್ಬಿ, ಸೀಸೆ, ಟ್ಯೂಬುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿ ಒಮ್ಮೆ ಕಣ್ಣಾಡಿಸುತ್ತಾರೆ. ಸ್ಟೆರಾಯ್ಡನ್ನು ಹೇಗೆ ಬಿಡಿಸುವುದೆಂದು ತಿಳಿಸಿ, ಉಳಿದದ್ದನ್ನೆಲ್ಲ ಇವತ್ತೇ ನಿಲ್ಲಿಸಿ ಎನ್ನುತ್ತಾರೆ. ಸಾದಾ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕೆಂಪು ಇಳಿದ ಮೇಲೆ ರಾತ್ರಿ ಒಂದೇ ಒಂದು ಜೆಲ್, ಅದೂ ಬಟಾಣಿ ಕಾಳಿನಷ್ಟು. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ತಾಳ್ಮೆ ಇರಲಿ.

ರೂಮಿನಲ್ಲಿ ನಿರಾಸೆ ಕವಿಯುತ್ತದೆ. ಇಷ್ಟಕ್ಕೇ ಏಳ್ನೂರು ರೂಪಾಯಿ ಫೀಸಾ ಎಂಬ ಭಾವ ಅಣ್ಣನ ಮುಖದಲ್ಲಿ. ಚಿಕ್ಕಮ್ಮ ಮಾತ್ರ ಧೈರ್ಯ ಮಾಡಿ ಮುಂದೆ ಬಗ್ಗುತ್ತಾರೆ.

"ಡಾಕ್ಟ್ರೇ, ಈ ಜೆಲ್‌ನ ಮೊಸರಲ್ಲಿ ಕಲಸಬೇಕೋ, ರೋಸ್ ವಾಟರಲ್ಲೋ?"