ಹೆಸರು ಒಂದೇ, ಕೀಗಳು ಬೇರೆ ಬೇರೆ

ನಮ್ಮ ಬದಿಯಡ್ಕದಲ್ಲಿ ಜೋರು ಮಳೆ ಬಂದರೆ ಕರೆಂಟು ಹೋಗುತ್ತದೆ. ಇನ್ವರ್ಟರ್ ಇರುವಷ್ಟರಲ್ಲಿ ಕೆಲಸ ಮುಗಿಸಬೇಕು. ಆಗಲೇ ಸಿಸ್ಟಮ್ ನಿಧಾನವಾದರೆ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು 'ಟಾಪ್' ಅಂತ ಹೊಡೆಯುತ್ತೇನೆ. ಓಡುತ್ತಿರುವ ಪ್ರೋಗ್ರಾಮ್‌ಗಳು ಎಷ್ಟು ಸಿಪಿಯು, ಮೆಮೊರಿ ಬಳಸುತ್ತಿವೆ ಅಂತ ಅದು ತೋರಿಸುತ್ತದೆ.

ನನ್ನ ಲಿನಕ್ಸ್‌ನಲ್ಲಿ ದೊಡ್ಡಕ್ಷರದ ಎಂ ಒತ್ತಿದರೆ ಸಾಕು, ಜಾಸ್ತಿ ಮೆಮೊರಿ ತಿನ್ನುವ ಪ್ರೋಗ್ರಾಮ್ ಮೇಲೆ ಬರುತ್ತದೆ. ತಮ್ಮನ ಮ್ಯಾಕ್‌ನಲ್ಲಿ ಹಾಗಲ್ಲ. ಸಣ್ಣಕ್ಷರದ ಓ ಒತ್ತಬೇಕು, ಆಮೇಲೆ 'ಮೆಮ್' ಅಂತ ಟೈಪ್ ಮಾಡಿ ಎಂಟರ್ ಹೊಡೆಯಬೇಕು. ಒಂದು ಸಲದ ಪಟ್ಟಿಯನ್ನು ಫೈಲಿಗೆ ಹಾಕಲು ಟಾಪ್ ಜೊತೆ ಲಿನಕ್ಸ್‌ನಲ್ಲಿ '-ಬಿ -ಎನ್ 1' ಸೇರಿಸಬೇಕು, ಮ್ಯಾಕ್‌ನಲ್ಲಿ '-ಎಲ್ 1'. ಹೆಸರು ಒಂದೇ ಇಟ್ಟ ಮೇಲೆ ಕೀಗಳೂ ಒಂದೇ ಇರಬೇಕು ಅಲ್ವಾ?

ಇದೇ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮ್ ಎಚ್‌ಟಾಪ್ ವಾಸಿ. 2016ರ 2.0 ಆವೃತ್ತಿಯಿಂದ ಮ್ಯಾಕ್‌ಗೂ ಬಂತು. ಆದರೆ ಅಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆದೇಶ) ಹಾಕದೆ ಪೂರ್ತಿ ಲೆಕ್ಕ ಸಿಗುವುದಿಲ್ಲ.

ವಿಂಡೋಸ್‌ದು ಇನ್ನೂ ಬೇಸರ. ಮೊನ್ನೆ ಕುಂಬಳೆಯ ಗೆಳೆಯನ ಲ್ಯಾಪ್‌ಟಾಪಿನ ಫ್ಯಾನ್ ಒಂದೇ ಸಮನೆ ಕೂಗುತ್ತಿತ್ತು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2ರಲ್ಲಿ ಎಚ್‌ಟಾಪ್ ತೆರೆದೆ. ಸಿಪಿಯು ಬಳಕೆ ತೋರಿಸುವ ಗೆರೆಗಳೆಲ್ಲ ಖಾಲಿ! ಅದು ಒಳಗಿನ ಲಿನಕ್ಸ್‌ನ ಪ್ರೋಗ್ರಾಮ್‌ಗಳನ್ನು ಮಾತ್ರ ತೋರಿಸುತ್ತದೆ. ಹೊರಗೆ ವಿಂಡೋಸ್‌ನಲ್ಲಿ ಬ್ರೌಸರ್ ಕುದಿಯುತ್ತಿದ್ದದ್ದು ಅದರಲ್ಲಿ ಕಾಣಲೇ ಇಲ್ಲ. ಅರ್ಧ ಗಂಟೆ ಸುಮ್ನೆ ಹೋಯಿತು.